ನನ್ನ ಪಾಸ್‌ಪೋರ್ಟಿನೊಳಗಿನ ಬೌರಿಂಗ್

ನಮ್ಮ ಕಡೆಯವರಿಗೆ ಸರ್‌ನೇಮ್ ಇರುವುದಿಲ್ಲ. ಇನಿಷಿಯಲ್ ಇರುತ್ತದೆ. ಒಂದು ಅಕ್ಷರ ಊರಿಗೆ, ಇನ್ನೊಂದು ಅಪ್ಪನಿಗೆ. ನನ್ನ ಹೆಸರಿನ ಮುಂದಿರುವ ‘ಬಿ’ ಊರಿನದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಅಂದರು. ಅಪ್ಪ ಒಂದು ಗಳಿಗೆಯೂ ಯೋಚಿಸದೆ ಸರ್‌ನೇಮ್ ಕಾಲಮ್ಮಿನಲ್ಲಿ ‘ಬೌರಿಂಗ್‌ಪೇಟ್’ ಅಂತ ಬರೆದರು. ಊರಿನವರೆಲ್ಲ ಬಂಗಾರಪೇಟೆ ಅನ್ನಲು ಶುರು ಮಾಡಿ ಎಷ್ಟೋ ಕಾಲ ಆಗಿತ್ತು. ಆದರೆ ತಾತನ ಸರ್ವಿಸ್ ರಿಜಿಸ್ಟರಿನಲ್ಲಿ ಇದ್ದದ್ದು ಬೌರಿಂಗ್‌ಪೇಟೆ. ಅಪ್ಪನ ಶಾಲೆಯ ಕಾಗದಗಳಲ್ಲೂ ಅದೇ. ದಾಖಲೆ ಹೊಂದಬೇಕಲ್ಲ, ಅಷ್ಟೇ ಅವರ ಲೆಕ್ಕ. ಹಾಗಾಗಿ ಅಪ್ಪ, ಅಮ್ಮ, ತಮ್ಮ ಮತ್ತು ನಾನು, ಈ ನಾಲ್ಕು ಜನಕ್ಕೆ ಒಂದು ಸರ್‌ನೇಮ್ ಬಂತು. ಅದನ್ನು ಇಟ್ಟುಕೊಂಡ ಐದನೆಯವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಕೆಲಸದ ಮೇಲೆ ಆರು ತಿಂಗಳು ಇಂಗ್ಲೆಂಡಿನ ಎಕ್ಸೆಟರ್‌ಗೆ ಹೋಗಬೇಕಾಯಿತು. ಮೊದಲ ದಿನವೇ ಕುತ್ತಿಗೆಗೆ ಬ್ಯಾಡ್ಜ್ ಹಾಕಿದರು. ಆ ಆಫೀಸಿನಲ್ಲಿ ರಿಟೈರ್ ಆಗಲು ಒಂದು ವರ್ಷ ಉಳಿದಿದ್ದ ಒಬ್ಬ ಹೆಂಗಸಿದ್ದರು. ಟೀ ಮಾಡಿಕೊಳ್ಳುವ ಜಾಗದಲ್ಲಿ ನನ್ನ ಬ್ಯಾಡ್ಜನ್ನೇ ನೋಡುತ್ತಾ ನಿಂತರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ‘ಇದರ ಅರ್ಧ ನನ್ನ ಅಪ್ಪನ ಹೆಸರು’ ಅಂದರು. ಮದುವೆಗೆ ಮುಂಚೆ ಅವರು ಬೌರಿಂಗ್. ಅಣ್ಣ ತಮ್ಮ ಯಾರೂ ಇಲ್ಲ. ‘ನನ್ನ ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಮುಗಿಯಿತು. ನಿಮಗೆ ಹೇಗೆ ಬಂತು?’ ಅಂತ ಕೇಳಿದರು. ಅದು ನಮ್ಮ ಊರಿನ ಹೆಸರು ಅಂದೆ. ‘ಊರಿಗೆ ಹೇಗೆ ಬಂತು?’ ಅಂದರು. ಒಬ್ಬ ಅಧಿಕಾರಿಯಿಂದ ಅಂದೆ. ಅವರು ಸುಮ್ನೆ ತಲೆಯಾಡಿಸಿದರು. ಆದರೆ ಆ ಮೊದಲ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಮಗೆ ಹೇಗೆ ಬಂತು?

ತಂತಿಯ ಹೆಸರು

ನನ್ನ ತಾತ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದರು. ರಜೆಯಲ್ಲಿ ಒಂದೊಂದು ಸಲ ನನ್ನನ್ನು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಆಗೆಲ್ಲ ದಪ್ಪ ರಟ್ಟಿನ ಪುಟ್ಟ ಟಿಕೆಟ್. ತಾರೀಖು ಒತ್ತುವ ಕಬ್ಬಿಣದ ಮಿಷನ್ನಿನ ಬಾಯಿಗೆ ಟಿಕೆಟ್ ಕೊಟ್ಟರೆ ಟಕ್ ಅನ್ನುತ್ತಿತ್ತು. ಕಿಟಕಿಯ ಆಚೆ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಕೆಜಿಎಫ್‌ಗೆ ಹೋಗುವವರು, ಕೋಲಾರಕ್ಕೆ ಹೋಗುವವರು, ಜೋಲಾರಪೇಟೆಯ ಕಡೆಗೆ ಹೋಗುವವರು. ತಾತ ಯಾರು ಯಾವ ಭಾಷೆಯಲ್ಲಿ ಕೇಳಿದರೂ ಅದೇ ಭಾಷೆಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಗೋಡೆಗೆ ಒರಗಿಸಿದ್ದ ಪಾರ್ಸೆಲ್ಲುಗಳ ಮೇಲೆ ಇಂಗ್ಲಿಷಿನಲ್ಲಿ ಬಿ, ಡಬ್ಲ್ಯು, ಟಿ ಅಂತ ಬರೆದಿರುತ್ತಿತ್ತು. ಆಗ ತಾನೇ ಇಂಗ್ಲಿಷ್ ಅಕ್ಷರ ಕಲಿತಿದ್ದೆ. ಬಂಗಾರಪೇಟೆಯಲ್ಲಿ ಡಬ್ಲ್ಯು ಎಲ್ಲಿದೆ ತಾತ ಅಂತ ಕೇಳಿದೆ.

‘ಅದು ಊರಿನ ಹುಟ್ಟುಹೆಸರು ಕಣಮ್ಮ, ಬೌರಿಂಗ್‌ಪೇಟೆ. ಬೋರ್ಡು ಬದಲಾಯ್ತು, ತಂತಿ ಬದಲಾಗಲಿಲ್ಲ’ ಅಂದರು. ತಂತಿ ಅಂದರೆ ಟೆಲಿಗ್ರಾಫ್. ಸ್ಟೇಷನ್ನುಗಳಿಗೆ ಚಿಕ್ಕ ಹೆಸರು ಬಂದದ್ದು ಟೆಲಿಗ್ರಾಫಿನ ಕಾಲದಲ್ಲಿ. ಬೌರಿಂಗ್ ಅಂದರೆ ಯಾರು ಅಂತ ಕೇಳಿದ್ದಕ್ಕೆ, ‘ಯಾರೋ ದೊರೆ’ ಅಂದು ಮುಂದಿನ ಟಿಕೆಟ್ಟಿಗೆ ಟಕ್ ಅನ್ನಿಸಿದರು.

ಇವತ್ತಿಗೂ ಆ ಕೋಡ್ ಅದೇ. ಬಂಗಾರಪೇಟೆಗೆ ಟಿಕೆಟ್ ಬುಕ್ ಮಾಡಿದರೆ ಮೊಬೈಲಿಗೆ ಬರುವ ಮೆಸೇಜಿನಲ್ಲಿ ಬಿ ಡಬ್ಲ್ಯು ಟಿ ಅಂತಲೇ ಇರುತ್ತದೆ. ಆ ಡಬ್ಲ್ಯು ಕಂಡಾಗೆಲ್ಲ ನನಗೆ ತಾತನ ಕೌಂಟರಿನ ಶಾಯಿಯ ವಾಸನೆ ಬರುತ್ತದೆ.

ದೊರೆ ಯಾರು ಅಂತ ಆಮೇಲೆ ಗೊತ್ತಾಯಿತು. ಲೆವಿನ್ ಬೆಂಥಮ್ ಬೌರಿಂಗ್. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ಅದಕ್ಕೆ ಮುಂಚೆ ಗವರ್ನರ್ ಜನರಲ್ ಕ್ಯಾನಿಂಗ್‌ಗೆ ಪ್ರೈವೇಟ್ ಸೆಕ್ರೆಟರಿ. ಬೆಂಗಳೂರಿನ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಎದ್ದದ್ದು ಅವನ ಕಾಲದಲ್ಲಿ. ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ರೈಲು ಶುರುವಾದದ್ದು 1864ರಲ್ಲಿ. ಆ ದಾರಿಯ ಒಂದು ಸ್ಟೇಷನ್ನಿನ ಸುತ್ತ ಪೇಟೆ ಬೆಳೆಯಿತು. ಆಗಿನ ಕಮಿಷನರ್ ಹೆಸರನ್ನೇ ಅದಕ್ಕೆ ಇಟ್ಟರು. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಗೆ ಕವಲು ದಾರಿ ಬಂತು, 1913ರಲ್ಲಿ ಕೋಲಾರಕ್ಕೆ ಪುಟ್ಟ ರೈಲು. ಗಣಿಯ ನೆರಳಿನಲ್ಲಿ ಬೆಳೆದ ಊರಿನವರ ಬಾಯಲ್ಲಿ ‘ಬೌರಿಂಗ್’ ಹೋಗಿ ‘ಬಂಗಾರ’ ಬಂದು ಕೂತರೆ ಆಶ್ಚರ್ಯ ಏನಿದೆ ಹೇಳಿ. ಎರಡು ಹೆಸರನ್ನೂ ಬೇಗ ಬೇಗ ಹೇಳಿ ನೋಡಿ, ನಾಲಿಗೆಗೆ ಎಷ್ಟು ಹತ್ತಿರ ಇವೆ ಅಂತ ಗೊತ್ತಾಗುತ್ತದೆ.

ಒಂದು ಒಕ್ಕಲಿನ ಹೆಸರು

ಆ ದೊರೆ ನನಗೆ ಅಷ್ಟು ಮುಖ್ಯ ಅಲ್ಲ. ಅವನ ಹಿಂದಿರುವ ಹೆಸರೇ ನನ್ನನ್ನು ಹಿಡಿದಿಟ್ಟದ್ದು. ಇಂಗ್ಲೆಂಡಿನಲ್ಲೂ ಒಂದು ಕಾಲದಲ್ಲಿ ಸರ್‌ನೇಮ್ ಇರಲಿಲ್ಲ. 1066ರಲ್ಲಿ ನಾರ್ಮನ್ನರು ಬಂದ ಮೇಲೆ, ಮುಂದಿನ ಮೂರು ನಾಲ್ಕು ನೂರು ವರ್ಷಗಳಲ್ಲಿ ಒಂದೊಂದಾಗಿ ಮನೆತನದ ಹೆಸರು ಗಟ್ಟಿಯಾಯಿತು. ಕೆಲವಕ್ಕೆ ಊರು ಮೂಲ, ಕೆಲವಕ್ಕೆ ಅಪ್ಪ, ಕೆಲವಕ್ಕೆ ಕಸುಬು, ಕೆಲವಕ್ಕೆ ಅಡ್ಡಹೆಸರು. ಕಸುಬಿನ ಹೆಸರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ತುಳಿದು, ಬಡಿದು ಗಟ್ಟಿ ಮಾಡುವ ಕೆಲಸ ಅದು. ಆ ಕೆಲಸದವನನ್ನು ಉತ್ತರದಲ್ಲಿ ವಾಕರ್ ಅಂದರು. ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್ ಅಂದರು. ನೈಋತ್ಯದ ಡೆವನ್ ಕಡೆ, ಅಂದರೆ ಎಕ್ಸೆಟರ್ ಇರುವ ಸೀಮೆಯಲ್ಲಿ, ಟಕರ್ ಅಂದರು. ಕೆಲಸ ಒಂದೇ, ಹೆಸರು ಮೂರು. ಹಳೆಯ ದಾಖಲೆಗಳಲ್ಲಿ ಎಲ್ಲಿ ಯಾವ ಹೆಸರು ಜಾಸ್ತಿ ಅಂತ ನೋಡಿದರೆ ಮಾತಿನ ಗಡಿಗಳೇ ಕಣ್ಣಿಗೆ ಕಾಣುತ್ತವೆ. 1881ರ ಜನಗಣತಿಯ ಹೊತ್ತಿಗೆ ರೈಲು ಬಂದು ಎಷ್ಟೋ ವರ್ಷ ಆಗಿತ್ತು. ಆಗಲೂ ಬಹಳಷ್ಟು ಹೆಸರುಗಳು ಹುಟ್ಟಿದ ಜಾಗದ ಸುತ್ತಮುತ್ತಲೇ ಇದ್ದವು.

ಬೌರಿಂಗ್ ಹಾಗೆ ನೈಋತ್ಯಕ್ಕೆ ಅಂಟಿಕೊಂಡ ಹೆಸರು. ಡೆವನ್, ಅದರ ಪಕ್ಕದ ಡಾರ್ಸೆಟ್, ಸಾಮರ್‌ಸೆಟ್. ಸ್ಮಿತ್, ಜೋನ್ಸ್ ಥರ ಬೀದಿಗೊಂದು ಸಿಗುವ ಹೆಸರಲ್ಲ. ಹಳೆಯ ಇಂಗ್ಲಿಷಿನ ‘ಬೂರ್’ ಅನ್ನುವ ಮಾತೇ ಇದರ ಬೇರು ಅನ್ನುತ್ತಾರೆ. ಬೂರ್ ಅಂದರೆ ಕೋಣೆ, ಚಿಕ್ಕ ಮನೆ. ಅದರದೇ ಬಳಗದ ‘ಗೆಬೂರ್’ ಅಂದರೆ ಒಡೆಯನ ಭೂಮಿಯಲ್ಲಿ ಗೇಯ್ದುಕೊಂಡು ಮನೆ ಮಾಡಿಕೊಂಡಿರುವ ರೈತ. ನಮ್ಮ ‘ಒಕ್ಕಲು’ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಹತ್ತಿರ ಇರುವ ಗೆಬೂರ್‌ನೇ ಇವತ್ತಿನ ‘ನೇಬರ್’. ಇದನ್ನು ಓದಿದ ದಿನ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ನಮ್ಮ ಮೇಲೆ ದೊರೆಯಾಗಿ ಬಂದವನ ಹೆಸರಿನ ತಳದಲ್ಲಿ ಒಂದು ಪುಟ್ಟ ಮನೆ ಇತ್ತು.

ಅಪರೂಪದ ಹೆಸರುಗಳಿಗೆ ಇನ್ನೊಂದು ಗುಣ ಇದೆ. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 40 ಬ್ರಿಟಿಷ್ ಸರ್‌ನೇಮ್‌ಗಳ 1,678 ಗಂಡಸರ ವೈ ಕ್ರೋಮೋಸೋಮ್ ನೋಡಿದ್ದರು. ವೈ ಕ್ರೋಮೋಸೋಮ್ ಕೂಡ ಸರ್‌ನೇಮ್ ಥರ ಅಪ್ಪನಿಂದ ಮಗನಿಗೇ ಹೋಗುವುದು. ಸ್ಮಿತ್‌ನಂಥ ಹೆಸರಿನವರಲ್ಲಿ ಒಬ್ಬರಿಗೊಬ್ಬರಿಗೆ ಸಂಬಂಧವೇ ಕಾಣಲಿಲ್ಲ. ಹೆಸರು ಅಪರೂಪವಾದಷ್ಟೂ ಒಬ್ಬನೇ ಮೂಲಪುರುಷನ ಗುರುತು ಜಾಸ್ತಿ ಕಂಡಿತು. ಅಪರೂಪದ ಹೆಸರಿನ ಇಬ್ಬರು ಅಪರಿಚಿತರು ಭೇಟಿಯಾದರೆ ಅವರು ದಾಯಾದಿಗಳಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ ಅಂತಾಯಿತು. ಆದರೆ ಗಂಡುಮಕ್ಕಳ ಮೂಲಕವೇ ಹೋಗುವ ಹೆಸರು ಗಂಡುಮಕ್ಕಳಿಲ್ಲದ ಕಡೆ ನಿಂತು ಹೋಗುತ್ತದೆ. ಹೆಸರುಗಳು ಹೀಗೆ ಅಳಿಯುವುದರ ಲೆಕ್ಕವನ್ನು ಗಾಲ್ಟನ್ ಮತ್ತು ವಾಟ್ಸನ್ 1874ರಲ್ಲೇ ಮಾಡಿದ್ದರು. ನನ್ನ ಆಫೀಸಿನ ಆ ಹೆಂಗಸು ತಮ್ಮ ಮನೆಯಲ್ಲಿ ಹೆಸರು ಮುಗಿಯಿತು ಅಂದದ್ದು ಈ ಲೆಕ್ಕವನ್ನೇ. ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯದ ಒಂದು ಪದ್ಧತಿಯಿಂದ ಎಷ್ಟು ಹೆಸರು ಹೀಗೆ ಹೋಗಿರಬಹುದು ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಎತ್ತರದ ಬೇಲಿಗಳ ಊರು

ಒಂದು ಶನಿವಾರ ಆಫೀಸಿನ ಆ ಹೆಂಗಸೇ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ದಕ್ಷಿಣ ಡೆವನ್ನಿನಲ್ಲಿ ಕಿಂಗ್ಸ್‌ಬ್ರಿಜ್ ಅಂತ ಒಂದು ಪುಟ್ಟ ಪೇಟೆ. ಅದರ ಪಕ್ಕ ದಿಬ್ಬದ ಮೇಲೆ ವೆಸ್ಟ್ ಆಲ್ವಿಂಗ್ಟನ್. ಆ ಕಡೆಯ ರಸ್ತೆಗಳನ್ನು ನಾನು ಮರೆಯಲಾರೆ. ಒಂದೇ ಕಾರು ಹಿಡಿಸುವಷ್ಟು ಅಗಲ. ಎರಡೂ ಕಡೆ ಮಣ್ಣಿನ ದಿಂಡು, ಅದರ ಮೇಲೆ ಆಳೆತ್ತರಕ್ಕೂ ಮೀರಿ ಬೆಳೆದ ಬೇಲಿ. ಎದುರಿಗೆ ಟ್ರಾಕ್ಟರ್ ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಕಾರಿನಲ್ಲಿ ಕೂತರೆ ಹೊಲ ಕಾಣುವುದಿಲ್ಲ, ಬರೀ ಹಸಿರು ಗೋಡೆ. ಎಲ್ಲಾದರೂ ಗೇಟ್ ಬಂದರೆ ಮಾತ್ರ ಕಿಟಕಿ ತೆಗೆದಂತೆ ಒಂದು ಕ್ಷಣ ಹೊಲ, ಕುರಿ, ದೂರದಲ್ಲಿ ಸಮುದ್ರದ ಹಿನ್ನೀರು. ಹೆಸರುಗಳು ನೂರಾರು ವರ್ಷ ಒಂದೇ ಕಡೆ ಯಾಕೆ ಉಳಿದವು ಅಂತ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಆ ರಸ್ತೆಗಳೇ ಹೇಳಿದವು.

ಆ ಊರಿನ ಸರಹದ್ದಿನಲ್ಲಿ ಬೌರಿಂಗ್ಸ್‌ಲೀ ಅಂತ ಒಂದು ಹಳೆಯ ದೊಡ್ಡ ಮನೆ ಇದೆ. ‘ಲೀ’ ಅಂದರೆ ಕಾಡು ಕಡಿದು ಮಾಡಿದ ಬಯಲು. ಡೆವನ್ನಿನಲ್ಲಿ ಆ ಹೆಸರಿನ ಜಾಗಗಳು ಬೇಕಾದಷ್ಟಿವೆ. ಹಿಂದೆ ಬೌರಿಂಗ್ ಮನೆತನದವರ ಕೈಯಲ್ಲಿದ್ದದ್ದರಿಂದ ಇದು ಬೌರಿಂಗರ ಲೀ ಆಯಿತು. ಖಾಸಗಿ ಮನೆ, ಹಾಗಾಗಿ ನಾವು ರಸ್ತೆಯಲ್ಲೇ ಕಾರು ನಿಲ್ಲಿಸಿ ಇಳಿದೆವು. ಆಮೇಲೆ ಆ ಆಸ್ತಿ ಇಲ್ಬರ್ಟ್ ಅನ್ನುವ ಮನೆತನಕ್ಕೆ ಹೋಯಿತು. ಹೌದು, ನಾವು ಇತಿಹಾಸದ ಪಾಠದಲ್ಲಿ ಬಾಯಿಪಾಠ ಮಾಡಿದ 1883ರ ಇಲ್ಬರ್ಟ್ ಬಿಲ್ಲಿನ ಕರ್ಟ್ನಿ ಇಲ್ಬರ್ಟ್ ಈ ಮನೆತನದವನು. ಇಂಡಿಯಾದ ನ್ಯಾಯಾಧೀಶರು ಯುರೋಪಿಯನ್ನರ ವಿಚಾರಣೆ ಮಾಡಬಹುದು ಅಂತ ಮಸೂದೆ ತಂದು ಬಿಳಿಯರಿಂದ ಬೈಸಿಕೊಂಡವನು. ಒಂದೇ ಮನೆಯಿಂದ ನನಗೆ ಎರಡು ಸಲ ಇಂಡಿಯಾ ಕಂಡಿತು.

ನಾನು ಅಲ್ಲಿ ನಿಂತು ಯೋಚಿಸಿದ್ದು ಇಷ್ಟೇ. ಮನುಷ್ಯರ ಹೆಸರು ಜಾಗಕ್ಕೆ ಹೋಯಿತು, ಬೌರಿಂಗ್ಸ್‌ಲೀ. ಸಮುದ್ರ ದಾಟಿ ಮತ್ತೆ ಜಾಗಕ್ಕೇ ಹೋಯಿತು, ಬೌರಿಂಗ್‌ಪೇಟೆ. ಆಮೇಲೆ ಆ ಜಾಗದಿಂದ ಒಬ್ಬ ಬುಕಿಂಗ್ ಕ್ಲರ್ಕಿನ ಇನಿಷಿಯಲ್ಲಿಗೆ ಬಂತು, ಅಲ್ಲಿಂದ ನನಗೆ. ಊರಿನಿಂದ ಹೆಸರು ಪಡೆಯುವುದು ನಮ್ಮ ಹಳೇ ಮೈಸೂರಿನವರ ಪದ್ಧತಿ, ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದ್ದ ಪದ್ಧತಿಯೇ. ರಕ್ತದ ಸಂಬಂಧ ಒಂದು ಹನಿಯೂ ಇಲ್ಲದೆ ಒಂದು ಡೆವನ್ ಹೆಸರು ಮತ್ತೆ ಮನುಷ್ಯರ ಹೆಸರಾಗಿತ್ತು.

ಉಣ್ಣೆ, ಕಾಸು, ಹಡಗು

ಬೌರಿಂಗರು ಎಷ್ಟೋ ತಲೆಮಾರು ಮಾಡಿದ್ದು ಉಣ್ಣೆಯ ವ್ಯಾಪಾರ. ಡೆವನ್ನಿನ ಒಳನಾಡಿನಲ್ಲಿ ಚಮ್ಲೀ ಅನ್ನುವ ಊರಿದೆ. ಅಲ್ಲಿದ್ದ ಜಾನ್ ಬೌರಿಂಗ್ ಅನ್ನುವವನು 1670ರಲ್ಲಿ ತನ್ನ ಕೆಲಸದವರಿಗೆ ಕೊಡಲು ತನ್ನದೇ ಅರ್ಧ ಪೆನ್ನಿ ಕಾಸು ಹೊಡೆಸಿದ್ದ. ಚಿಲ್ಲರೆ ಸಿಗದ ಕಾಲದಲ್ಲಿ ವ್ಯಾಪಾರಿಗಳು ಹಾಗೆ ಮಾಡುತ್ತಿದ್ದರು. ಅದರ ಮೇಲೆ ಉಣ್ಣೆ ಬಾಚುವ ಬಾಚಣಿಗೆಯ ಚಿತ್ರ, ಸುತ್ತ ಅವನ ಹೆಸರು, ಊರು. ಆಮೇಲೆ ಈ ಮನೆತನ ಎಕ್ಸೆಟರ್‌ಗೆ ಬಂತು. ಡೆವನ್ ಬಟ್ಟೆಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು ಚೀನಾಕ್ಕೆ ಸಾಗಿಸುತ್ತಿತ್ತು. ಹಾಗಾಗಿ ಬೌರಿಂಗರಿಗಿಂತ ಮುಂಚೆ ಅವರ ಬಟ್ಟೆಯೇ ಏಷ್ಯಾ ಮುಟ್ಟಿತ್ತು.

1792ರಲ್ಲಿ ಎಕ್ಸೆಟರ್‌ನಲ್ಲಿ ಹುಟ್ಟಿದ ಇನ್ನೊಬ್ಬ ಜಾನ್ ಬೌರಿಂಗ್ ಈ ಹೆಸರನ್ನು ಬೇಲಿ ದಾಟಿಸಿದ. ಬಹಳ ಭಾಷೆ ಬಲ್ಲವನು. ಜೆರೆಮಿ ಬೆಂಥಮ್ ಅನ್ನುವ ಚಿಂತಕನ ಗೆಳೆಯ, ಶಿಷ್ಯ. ಮಗನಿಗೆ ಲೆವಿನ್ ಬೆಂಥಮ್ ಅಂತ ಹೆಸರಿಟ್ಟದ್ದು ಆ ಪ್ರೀತಿಗೇ. ಹೌದು, ನಮ್ಮ ಬೌರಿಂಗ್ ಈತನ ಮಗ. ಅಪ್ಪ 1854ರಿಂದ 1859ರವರೆಗೆ ಹಾಂಗ್‌ಕಾಂಗಿನ ಗವರ್ನರ್. 1856ರಲ್ಲಿ ಒಂದು ಹಡಗಿನ ಜಗಳವನ್ನು ನೆಪ ಮಾಡಿಕೊಂಡು ಚೀನಾದ ಕ್ಯಾಂಟನ್ ಪಟ್ಟಣದ ಮೇಲೆ ಗುಂಡು ಹಾರಿಸಿದ್ದಕ್ಕೆ ಒಪ್ಪಿಗೆ ಕೊಟ್ಟವನು ಅವನೇ. ಅದರಿಂದಲೇ ಎರಡನೇ ಅಫೀಮು ಯುದ್ಧ ಶುರುವಾಯಿತು. ಶಾಂತಿ, ಮುಕ್ತ ವ್ಯಾಪಾರ ಅಂತ ಜೀವನವಿಡೀ ಮಾತಾಡಿದವನು ಮಾಡಿದ ಕೆಲಸ ಇದು. ಇದನ್ನು ನಾನು ಕ್ಷಮಿಸಲಾರೆ. ಹಾಂಗ್‌ಕಾಂಗಿನಲ್ಲಿ ಬೌರಿಂಗ್ಟನ್ ರಸ್ತೆ, ಬೌರಿಂಗ್ ಸ್ಟ್ರೀಟ್ ಈಗಲೂ ಇವೆ. ನನ್ನ ಪಾಸ್‌ಪೋರ್ಟಿನ ಹೆಸರಿನಲ್ಲಿ ಈ ಕಲೆಯೂ ಇದೆ ಅನ್ನುವುದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಕವಲು ಪಶ್ಚಿಮಕ್ಕೆ ಹೋಯಿತು. ಎಕ್ಸೆಟರ್‌ನ ಗಡಿಯಾರ ಮಾಡುವವನು ಬೆಂಜಮಿನ್ ಬೌರಿಂಗ್ 1811ರಲ್ಲಿ ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಹೋದ. ಆಮೇಲೆ ಸೇಂಟ್ ಜಾನ್ಸ್ ಪಟ್ಟಣದಲ್ಲಿ ಅಂಗಡಿ ಹಾಕಿದ. ಪಕ್ಕದಲ್ಲೇ ಬಟ್ಟೆ ಅಂಗಡಿ ನಡೆಸಿದವಳು ಅವನ ಹೆಂಡತಿ ಶಾರ್ಲಟ್. ಮುಂದೆ ಅದು ಮೀನು, ಸೀಲ್ ಬೇಟೆ, ಹಡಗು, ವಿಮೆ ಅಂತ ದೊಡ್ಡ ಕಂಪನಿಯಾಯಿತು. ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಟ ‘ಟೆರಾ ನೋವಾ’ ಹಡಗು ಇವರಿಂದ ಕೊಂಡದ್ದು. ಸೇಂಟ್ ಜಾನ್ಸ್‌ನಲ್ಲಿ 1914ರಲ್ಲಿ ತೆರೆದ ಬೌರಿಂಗ್ ಪಾರ್ಕ್ ಈಗಲೂ ಇದೆ. ಲಿವರ್‌ಪೂಲಿನ ಹತ್ತಿರವೂ ಒಂದು ಬೌರಿಂಗ್ ಪಾರ್ಕ್ ಇದೆ. ನ್ಯೂಫೌಂಡ್‌ಲ್ಯಾಂಡಿಗೆ ಡೆವನ್, ಡಾರ್ಸೆಟ್ಟಿನ ಮೀನುಗಾರರು ನೂರಾರು ವರ್ಷ ಹೋಗುತ್ತಿದ್ದರು. ಅಲ್ಲಿ ಒಂದು ಅಕ್ಷರ ಜಾಸ್ತಿ ಹಾಕಿ ಬೋವರಿಂಗ್ ಅಂತ ಬರೆಯುವವರೂ ಇದ್ದಾರೆ.

ಲೆವಿನ್ ಬೌರಿಂಗ್ ಮಾತ್ರ ಕೊನೆಗೆ ಡೆವನ್ನಿಗೇ ಮರಳಿದ. 1910ರಲ್ಲಿ ಟಾರ್ಕಿ ಅನ್ನುವ ಕಡಲ ತೀರದ ಊರಿನಲ್ಲಿ ತೀರಿಕೊಂಡ. ಬೌರಿಂಗ್‌ಪೇಟೆಯಲ್ಲಿ ಉಳಿದದ್ದು ಹೆಸರು ಮಾತ್ರ.

ಹೇಳುವವರ ನಕ್ಷೆ

ಹೆಸರು ಇಟ್ಟುಕೊಂಡವರ ನಕ್ಷೆ ಒಂದು. ಆ ಹೆಸರನ್ನು ದಿನಾ ಬಾಯಲ್ಲಿ ಹೇಳುವವರ ನಕ್ಷೆಯೇ ಬೇರೆ. ಎರಡನೆಯದನ್ನು ಯಾರೂ ಬರೆಯುವುದಿಲ್ಲ. ಬರೆದರೆ ಬೌರಿಂಗ್‌ಗೆ ರಾಜಧಾನಿ ಎಕ್ಸೆಟರ್ ಅಲ್ಲ, ಬೌರಿಂಗ್ ಆಸ್ಪತ್ರೆ ಇರುವ ಬೆಂಗಳೂರಿನ ಶಿವಾಜಿನಗರ. ಅಜ್ಜಿಗೆ ಒಂದು ಸಲ ಕಾಲು ಊದಿಕೊಂಡು ಕೋಲಾರದಿಂದ ಬೆಂಗಳೂರಿಗೆ ಕರೆತಂದಿದ್ದೆವು. ಬಸ್ಸಿಳಿದು ಆಟೋ ಹತ್ತಿ ಅಪ್ಪ ಹೇಳಿದ್ದು ಒಂದೇ ಮಾತು, ‘ಬೌರಿಂಗ್.’ ಆಸ್ಪತ್ರೆ ಅಂತಲೂ ಹೇಳಲಿಲ್ಲ. ಆಟೋದವರು ತಿರುಗಿಯೂ ನೋಡದೆ ಹೊರಟರು. ಒಳಗೆ ಚೀಟಿಯ ಸಾಲಿನಲ್ಲಿ ನಮ್ಮ ಮುಂದೆ ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ ಫೋನಿನಲ್ಲಿ, ‘ಬೌರಿಂಗಲ್ಲಿದೀನಿ, ಬೇಗ ಬಾ’ ಅನ್ನುತ್ತಿದ್ದಳು. ಹಿಂದೆ ಒಬ್ಬರು ಉರ್ದುವಿನಲ್ಲಿ ಅದೇ ಹೆಸರು, ಇನ್ನೊಬ್ಬರು ತಮಿಳಿನಲ್ಲಿ ಅದೇ ಹೆಸರು. ಯಾರಿಗೂ ಅದು ಮನುಷ್ಯನ ಹೆಸರಲ್ಲ. ಔಷಧಿ ಸಿಗುವ ಜಾಗ, ಹೆರಿಗೆ ಆಗುವ ಜಾಗ, ಕಾಯುವ ಜಾಗ. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿದಾಗ, ‘ನಮ್ಮೂರಿನ ಹೆಸರೇ ಅಲ್ವಾ ಇದು’ ಅಂದರು. ಅವರಿಗೆ ಅದೊಂದು ಧೈರ್ಯ ಕೊಟ್ಟಿತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಎಕ್ಸೆಟರ್‌ನಿಂದ ಹೊರಡುವ ಹಿಂದಿನ ವಾರ ಆ ಹೆಂಗಸು ಊಟಕ್ಕೆ ಕರೆದರು. ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿದ್ದರು. ಅವರ ಅಪ್ಪ ಶುರು ಮಾಡಿದ್ದ ಮನೆತನದ ನಕ್ಷೆ ಅದು. ಒಂದೊಂದು ಊರಿನ ಮುಂದೆ ಪೆನ್ಸಿಲ್ಲಿನಲ್ಲಿ ಚುಕ್ಕೆ, ಪಕ್ಕದಲ್ಲಿ ಅಲ್ಲಿ ಸಿಕ್ಕ ಬೌರಿಂಗರ ಸಂಖ್ಯೆ. ಡೆವನ್ನಿನ ಮೇಲೆ ಚುಕ್ಕೆಗಳು ಒತ್ತೊತ್ತಾಗಿದ್ದವು. ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಂದು ಗುಂಪು. ಹಾಂಗ್‌ಕಾಂಗಿನ ಹತ್ತಿರ ಒಂದು ಚುಕ್ಕೆ, ಪಕ್ಕದಲ್ಲಿ ಸೊನ್ನೆ. ಇಂಡಿಯಾ ಖಾಲಿ ಇತ್ತು. ನನ್ನ ಕೈಗೆ ಪೆನ್ಸಿಲ್ ಕೊಟ್ಟು ನಿಮ್ಮ ಊರು ತೋರಿಸಿ ಅಂದರು. ಬೆಂಗಳೂರಿನಿಂದ ಪೂರ್ವಕ್ಕೆ ಬೆರಳಿಟ್ಟು ಒಂದು ಚುಕ್ಕೆ ಇಟ್ಟೆ. ಪಕ್ಕದಲ್ಲಿ ಕನ್ನಡದಲ್ಲಿ ಬೌರಿಂಗ್‌ಪೇಟೆ ಅಂತ ಬರೆದೆ. ಅವರು ಆ ಅಕ್ಷರಗಳ ಮೇಲೆ ಬೆರಳು ಆಡಿಸಿದರು. ‘ಅಲ್ಲಿ ಈ ಹೆಸರು ಇಟ್ಟುಕೊಂಡವರು ಎಷ್ಟು ಜನ?’ ಅಂತ ಕೇಳಿದರು. ಯಾರೂ ಇಲ್ಲ ಅನ್ನಲು ಬಾಯಿ ತೆಗೆದವಳು ನಿಲ್ಲಿಸಿದೆ. ಅಪ್ಪ, ಅಮ್ಮ, ತಮ್ಮ, ನಾನು. ನಾಲ್ಕು ಅಂದೆ. ಅವರು ಪೆನ್ಸಿಲ್ ತೆಗೆದುಕೊಂಡು ನನ್ನ ಚುಕ್ಕೆಯ ಪಕ್ಕ 4 ಅಂತ ಬರೆದರು.